ಸಹಿಯಿಲ್ಲದ ಇಪ್ಪತ್ತಮೂರು ಚೀಟಿ

ಹೊಲಿಗೆ ಟೀಚರಿಗೆ ಶಾಲೆಯ ಹುಡುಗಿಯರು ಇಟ್ಟ ಹೆಸರು ಬೀಗದ ಟೀಚರ್. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು ವಾಪಸು ಬಂದು ಜಗ್ಗುವುದು, ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಜಗ್ಗುವುದು. ಮೂರು ಸಲ ಜಗ್ಗದೆ ಆಕೆಗೆ ಸಮಾಧಾನವಿಲ್ಲ. ಕತ್ತರಿ ಕಳೆದೀತೆಂಬ ಭಯ, ಸೂಜಿ ಯಾವುದಾದರೂ ಹುಡುಗಿಯ ಬೆರಳಿಗೆ ಹೊಕ್ಕೀತೆಂಬ ಭಯ, ತಪಾಸಣೆಗೆ ಬರುವವರ ಬೂಟಿನ ಸದ್ದಿನ ಭಯ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಆಕೆಯ ಒಂದು ಸಂಬಳದ ಮೇಲೆ ಇಬ್ಬರ ಬದುಕು, ಆಕೆಯದು ಮತ್ತು ಆಕೆಯ ಅತ್ತೆಯದು. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ.

"ಕಳ್ಳ ಬಂದ್ರೆ ಬೀಗಾನೇ ಕದ್ಕೊಂಡು ಹೋಗ್ಬೇಕು ಕಣೇ. ಒಳಗಿರೋದು ನಾನೊಬ್ಳು!" ಎಂದು ಮುದುಕಿ ದಿನಾ ಛೇಡಿಸುತ್ತಿದ್ದಳು.

ಹೆದರುವವರ ಮೇಲೆಯೇ ಹಾವು ಎಸೆಯುತ್ತಾರಂತೆ. ಆ ಕ್ಷೇತ್ರದ ಶಾಸಕರು ಅವಧಿ ಮುಗಿಯುವ ಮುಂಚೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಖಾಲಿಯಾದ ಕುರ್ಚಿಗೆ ಉಪಚುನಾವಣೆ. ಅವರ ಕನ್ನಡಕ ಇನ್ನೂ ಮೇಜಿನ ಮೇಲಿರುವಾಗಲೇ ಹೆಂಡತಿ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತರು. ಅತ್ತಿಗೆ ಮೈದುನರ ಜಗಳದಲ್ಲಿ ಊರು ಬಡವಾಯಿತು. ಮೂರು ಅಂಗಡಿಗಳ ಗಾಜು ಒಡೆಯಿತು, ಒಬ್ಬ ಬಸ್ ಚಾಲಕನ ಕೈ ಮುರಿಯಿತು. ಹಿಂದಿನ ಸಲ ಒಂದು ಮತಪೆಟ್ಟಿಗೆ ಬಾವಿಯಲ್ಲಿ ಸಿಕ್ಕಿತ್ತೆಂದು ಜನ ಈಗ ನೆನಪಿಸಿಕೊಳ್ಳತೊಡಗಿದರು. ಅಂಥ ಚುನಾವಣೆಯಲ್ಲಿ ಒಂದು ಮತಗಟ್ಟೆಯ ಅಧಿಕಾರಿಯಾಗಿ ಎಂದು ಟೀಚರಿಗೆ ಆದೇಶ ಬಂತು. ಇಂಥ ಕೆಲಸಕ್ಕೆ ಪುಕ್ಕಲರನ್ನೇ ಹುಡುಕಿ ಹಿಡಿಯುವ ವಿದ್ಯೆ ಸರಕಾರಕ್ಕೆ ಅದೆಲ್ಲಿಂದ ಬರುತ್ತದೋ ಕಾಣೆ.

ಕೆಲಸವೇನೋ ಸರಳ. ಮತಚೀಟಿಗಳು ಐವತ್ತರ ಪುಸ್ತಕಗಳಲ್ಲಿ ಬರುತ್ತವೆ. ಪ್ರತಿ ಚೀಟಿಯ ಬೆನ್ನಿಗೂ ಅಧಿಕಾರಿಯ ಸಹಿ ಬೀಳಬೇಕು. ಸಹಿ ಇಲ್ಲದ್ದು ಎಣಿಕೆಯಲ್ಲಿ ಬರೀ ಕಾಗದ. ಟೀಚರ್ ಒಂದು ಪುಸ್ತಕಕ್ಕೆ ಸಹಿ ಹಾಕಿ ಪಕ್ಕದ ಗುಮಾಸ್ತನಿಗೆ ಕೊಟ್ಟಳು. ಅವನು ಒಂದೊಂದೇ ಹರಿದು ಮತದಾರರ ಕೈಗಿಡುತ್ತ ಹೋದ.

ಒಂಬತ್ತರ ಸುಮಾರಿಗೆ ಹೊರಗೆ ಗಲಾಟೆಯಾಯಿತು. ತೆರೆದ ಜೀಪೊಂದು ಮತಗಟ್ಟೆಯಿದ್ದ ಶಾಲೆಯ ಸುತ್ತ ಎರಡು ಸುತ್ತು ಹಾಕಿತು. ಯಾರೋ "ಪೆಟ್ಟಿಗೆ, ಪೆಟ್ಟಿಗೆ" ಎಂದು ಕಿರುಚಿದರು.  ಟೀಚರ್ ಎದ್ದು ಹೋಗಿ ಪೆಟ್ಟಿಗೆಯ ಅರಗಿನ ಮುದ್ರೆ ಮುಟ್ಟಿ ನೋಡಿದಳು. ಬಂದು ಕೂತಳು. ಮತ್ತೆ ಎದ್ದು ನೋಡಿದಳು. ಜೀಪು ದೂರವಾದ ಮೇಲೆ ಮೂರನೆಯ ಸಲವೂ ನೋಡಿ, ಪೆಟ್ಟಿಗೆಯ ಪಕ್ಕದಲ್ಲೇ ಅರ್ಧ ಗಂಟೆ ಕಾವಲು ನಿಂತಳು. ಮೇಜಿಗೆ ಮರಳಿ ಎರಡನೆಯ ಪುಸ್ತಕಕ್ಕೆ ಸಹಿ ಹಾಕೋಣವೆಂದು ಪೆನ್ನೆತ್ತಿದರೆ ಪುಸ್ತಕ ಗುಮಾಸ್ತನ ಮುಂದಿತ್ತು. ಇಪ್ಪತ್ತಮೂರು ಚೀಟಿ ಆಗಲೇ ಮತದಾರರ ಕೈ ಸೇರಿದ್ದವು.

"ನೀವು ಸಹಿ ಹಾಕಿಟ್ಟಿದ್ದೀರಿ ಅಂದ್ಕೊಂಡೆ ಟೀಚರ್," ಎಂದ ಗುಮಾಸ್ತ, ತುಟಿ ಅಲುಗಿಸದೆ. "ಈಗ ಬಾಯಿ ಬಿಡ್ಬೇಡಿ. ಏಜೆಂಟರು ಯಾರೂ ನೋಡಿಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು."

ಆಕೆ ಬಾಯಿ ಬಿಡಲಿಲ್ಲ. ಸಂಜೆಯ ವರದಿಯಲ್ಲಿ 'ವಿಶೇಷ ಘಟನೆ' ಎಂಬಲ್ಲಿ 'ಏನೂ ಇಲ್ಲ' ಎಂದು ಬರೆದಳು. ಅದಕ್ಕೆ ಮಾತ್ರ ಸಹಿ ಹಾಕುವುದು ಮರೆಯಲಿಲ್ಲ.

 ಆಮೇಲಿನ ಎರಡು ದಿನ ಆಕೆಯದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು. ಹಾಲಿನವನು ಕದ ತಟ್ಟಿದರೂ ಯಾರೆಂದು ಮೂರು ಸಲ ಕೇಳುತ್ತಿದ್ದಳು. ಕಣ್ಣು ಮುಚ್ಚಿದರೆ ಆ ಅರ್ಧ ಗಂಟೆಯಲ್ಲಿ ಬಂದವರೇ ಕಾಣುತ್ತಿದ್ದರು. ಮುಖಗಳಿಗಿಂತ ಬಟ್ಟೆಯೇ ಆಕೆಗೆ ನೆನಪು, ಕಸುಬು ಅಂಥದ್ದು. ಅಂಚು ಬಿಚ್ಚಿದ ಲಂಗ, ಬೇರೆ ಬಣ್ಣದ ಗುಂಡಿ ಹಾಕಿದ ಅಂಗಿ, ತೋಳು ಎರಡು ಸಲ ಕುಗ್ಗಿಸಿದ ಕೋಟು. ಮತ್ತೆ ಆ ಇಸ್ತ್ರಿ ಅಂಗಡಿಯವಳು. ಅಂಗಡಿ ಮುಚ್ಚಿ ಬಂದಿದ್ದ ಅವಳು ಚೀಟಿಯನ್ನು ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀರಿ, ಪುಟ್ಟ ಅಂಗಿ ಮಡಿಸುವ ಹಾಗೆ ಮಡಿಸಿದ್ದಳು. ಪೆಟ್ಟಿಗೆಯ ಪಕ್ಕ ನಿಂತಿದ್ದ ಟೀಚರಿಗೆ ಆಗ ಆ ಮಡಿಕೆ ಮೆಚ್ಚುಗೆಯಾಗಿತ್ತು.

ಮೂರನೆಯ ದಿನ ಹೊಲಿಗೆ ತರಗತಿಯ ನಡುವೆ ಕಾರು ಬಂತು.

ಎಣಿಕೆಯ ಹಾಲಿನಲ್ಲಿ ಚುನಾವಣಾಧಿಕಾರಿ, ಎರಡೂ ಕಡೆಯ ಏಜೆಂಟರು, ನಾಲ್ಕು ಪೊಲೀಸರು. ಹೆಂಡತಿಯ ಕಡೆ ಒಂಬತ್ತು ಮತ ಮುಂದು. ಮೇಜಿನ ಮೇಲೆ ಮುಖ ಕೆಳಗಾಗಿ ಇಪ್ಪತ್ತಮೂರು ಚೀಟಿ.

"ಇವಕ್ಕೆ ಸಹಿ ಇಲ್ಲ," ಎಂದರು ಅಧಿಕಾರಿ. "ನೀವು ಕೊಟ್ಟ ಚೀಟಿಗಳಿಗೆಲ್ಲ ಸಹಿ ಹಾಕಿದ್ರಾ? ಹಾಕಿದ್ದೀನಿ ಅಂದ್ರೆ ಇವು ಯಾರೋ ತೂರಿಸಿದ ಕಳ್ಳ ಚೀಟಿ, ಪಕ್ಕಕ್ಕಿಡ್ತೀನಿ. ಮರೆತೆ ಅಂದ್ರೆ ತಪ್ಪು ನಿಮ್ದು, ಮತ ಜನರದ್ದು. ಎಣಿಸ್ತೀನಿ. ನಿಮ್ಮ ಮೇಲೆ ಬರೀತೀನಿ."

ಶಾಸಕರ ಹೆಂಡತಿಯ ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ದಪ್ಪ ಮನುಷ್ಯ, ಸಣ್ಣ ದನಿ. "ಟೀಚರ್ ಮೂರು ಸಲ ನೋಡದೆ ಏನನ್ನೂ ಬಿಡೋರಲ್ಲ ಸಾರ್. ಊರಿಗೇ ಗೊತ್ತು." ಆಮೇಲೆ ಆಕೆಯತ್ತ ತಿರುಗಿ ನಕ್ಕ. "ಅತ್ತೆ ಹುಷಾರಾಗಿದ್ದಾರಾ? ಹಗಲೆಲ್ಲ ಒಬ್ರೇ ಇರ್ತಾರಂತಲ್ಲ."

 'ಹಾಕಿದ್ದೀನಿ' ಎಂಬ ಒಂದೇ ಮಾತು ಸಾಕಿತ್ತು. ಸಂಬಳ ಉಳಿಯುತ್ತಿತ್ತು, ಅತ್ತೆ ಉಳಿಯುತ್ತಿದ್ದಳು. ಟೀಚರ್ ಆ ಮಾತನ್ನು ನಾಲಿಗೆಯ ತುದಿಗೆ ತಂದೂ ಆಗಿತ್ತು. ಆಗ ಮೇಜಿನ ಮೂಲೆಯ ಚೀಟಿ ಕಣ್ಣಿಗೆ ಬಿತ್ತು. ಉಳಿದವು ಮುದುಡಿದ್ದವು. ಇದೊಂದರ ಮಡಿಕೆಗಳು ಮಾತ್ರ ನೇರವಾಗಿ, ಇಸ್ತ್ರಿ ಹೊಡೆದ ಹಾಗಿದ್ದವು. ಅದನ್ನು ಕಳ್ಳ ಚೀಟಿ ಎನ್ನಲು ಆಕೆಗೆ ಬಾಯಿ ಬರಲಿಲ್ಲ.

"ಮರೆತೆ ಸಾರ್," ಎಂದಳು. "ವರದಿಯಲ್ಲೂ ಸುಳ್ಳು ಬರೆದೆ."

ಹೇಳಿಕೆಗೆ ಹಾಕಿದ ಸಹಿ ಸೊಟ್ಟಗಾಯಿತೆಂದು ಮೂರು ಸಲ ಹಾಕಿಸಿದರು. ಚೀಟಿಗಳನ್ನು ಎಣಿಸಿದರು. ಹದಿನೆಂಟು ಮೈದುನನಿಗೆ, ಐದು ಹೆಂಡತಿಗೆ. ಮೈದುನ ನಾಲ್ಕು ಮತದಿಂದ ಗೆದ್ದ. ಮುಂದಿನ ಆದೇಶದವರೆಗೆ ಕೆಲಸಕ್ಕೆ ಬರಬೇಡಿ ಎಂದು ಟೀಚರ ಕೈಗೆ ಕಾಗದ ಕೊಟ್ಟು, ಹಿಂದಿನ ಬಾಗಿಲಿನಿಂದ ಕಳಿಸಿದರು. ಪೊಲೀಸಿನವನು ಬೀದಿಯ ತಿರುವಿನವರೆಗೆ ಬಂದು ಅಲ್ಲಿಂದಲೇ ಹಿಂತಿರುಗಿದ.

ಸುದ್ದಿ ಆಕೆಗಿಂತ ಮೊದಲೇ ಮನೆ ಸೇರಿತ್ತು. ಅತ್ತೆ ಛೇಡಿಸಲಿಲ್ಲ. "ಒಳಗಿಂದ ಬೀಗ ಹಾಕಿದ್ಯಾ?" ಎಂದಳು. ಸ್ವಲ್ಪ ಹೊತ್ತಿಗೆ, "ಇನ್ನೊಂದ್ಸಲ ನೋಡು," ಎಂದಳು. ಮುದುಕಿಯ ದನಿಯಲ್ಲಿ ಭಯ ಕೇಳಿದ್ದು ಅದೇ ಮೊದಲು. ಟೀಚರಿಗೆ ಅದು ದಪ್ಪ ಮನುಷ್ಯನ ನಗುವಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಸಂಜೆ ಕತ್ತಲಾಗುವ ಹೊತ್ತಿಗೆ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂದು ನಿಂತಿತು. ಟೀಚರ್ ಕತ್ತರಿ ಹಿಡಿದು ಗೋಡೆಗೆ ಆತು ನಿಂತಳು.

"ಟೀಚರ್, ನಾನು. ಇಸ್ತ್ರಿ ಅಂಗಡಿಯವಳು." ಪಿಸುದನಿ. "ಒಂಬತ್ತೂಕಾಲಕ್ಕೆ ಬಂದಿದ್ದೆನಲ್ಲ. ನಮ್ಮೆಲ್ಲರ ಚೀಟಿ ಕಸ ಆಗ್ತಿತ್ತಂತೆ, ನೀವು ಉಳಿಸಿದ್ರಂತೆ. ನಾನು ಹಾಕಿದ್ದು ಸೋತ ಅಮ್ಮನಿಗೇ. ಇರ್ಲಿ, ಲೆಕ್ಕಕ್ಕೆ ತಗೊಂಡ್ರಲ್ಲ, ಅಷ್ಟು ಸಾಕು." ದನಿ ಇನ್ನೂ ತಗ್ಗಿತು. "ಬಾಗಿಲು ಮಾತ್ರ ತೆಗೀಬೇಡಿ ಟೀಚರ್. ಬೀದಿ ತುದೀಲಿ ಆ ಅಮ್ಮನ ಅಣ್ಣನ ಜನ ನಿಂತಿದ್ದಾರೆ. ಎಂಟು ಜನ. ಅದನ್ನ ಹೇಳೋಣ ಅಂತಾನೇ ಬಂದೆ."

"ನೀನು ಬಂದಿದ್ದನ್ನ ನೋಡಿದ್ರಾ?"

ಹೊರಗೆ ಬಳೆಗಳು ಕದಕ್ಕೆ ತಾಗಿದವು.

"ನೋಡಿದ್ರು."

ಅವಳು ವಾಪಸು ಹೋಗಬೇಕಾದ್ದೂ ಅವರ ಮುಂದೆಯೇ. ಆ ಬೀದಿಗೆ ಬೇರೆ ದಾರಿಯಿಲ್ಲ. ಟೀಚರ್ ಕತ್ತರಿ ಕೆಳಗಿಟ್ಟಳು. ಮೂರು ಸಲ ಜಗ್ಗಿ ನೋಡಿದ್ದ ಬೀಗಕ್ಕೆ ಕೀಲಿ ತೂರಿಸಿದಳು. ಕೀಲಿ ಎರಡು ಸಲ ಜಾರಿತು. ಒಳಗಿನಿಂದ ಅತ್ತೆ, "ತೆಗೀಬೇಡ್ವೇ!" ಎಂದು ಕೂಗಿದಳು. ಟೀಚರ್ ಬಾಗಿಲು ತೆಗೆದು, ಆ ಹೆಂಗಸಿನ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡಳು. ಬೀದಿಯ ತುದಿಯಿಂದ ಹೆಜ್ಜೆಗಳು ಇತ್ತ ಬರತೊಡಗಿದ್ದವು.

ಬಾಗಿಲು ಹಾಕಿ ಆಕೆ ಬೀಗ ಜಗ್ಗಿದಳು. ಈಗ ಒಳಗೆ ಮೂವರಿದ್ದರು.