ಕಚ್ಚು ಹಾಕದ ಕಂಬ

ಅವನನ್ನು ಎಲ್ಲರೂ ಕಂಬಣ್ಣ ಎನ್ನುತ್ತಿದ್ದರು. ಕೈತೋಟಗಳಲ್ಲಿ ಮರದ ಡೆಕ್ ಕಟ್ಟಿ, ಅದರ ಅಂಚಿನ ರೇಲಿಂಗಿಗೆ ಕಂಬ ನಿಲ್ಲಿಸುವುದು ಅವನ ಕಸುಬಾದ್ದರಿಂದ ಆ ಹೆಸರು ಬಂತೆಂದು ಗಿರಾಕಿಗಳು ತಿಳಿದಿದ್ದರು. ನಿಜಕ್ಕೂ ಅದನ್ನು ಇಟ್ಟವಳು ಅತ್ತಿಗೆ. ಅಣ್ಣ ಬೈಯುವಾಗ ತುಟಿಪಿಟಕ್ಕೆನ್ನದೆ ನಿಂತಿದ್ದ ಮೈದುನನನ್ನು ಕಂಡು, “ಗಾಳಿ ಬಂದ್ರೆ ಕಂಬ ಆದ್ರೂ ಕಿರ್ ಅನ್ನುತ್ತೆ, ಇವನು ಅದೂ ಇಲ್ಲ” ಎಂದಿದ್ದಳು.

ಕೆಳಗೆ ಮರಗೆಲಸದ ಶೆಡ್ಡು, ಮೇಲೆ ಮನೆ. ಬೀದಿಗೆ ಇಳಿಯಬೇಕಾದರೆ ಶೆಡ್ಡಿನ ಮಧ್ಯದಿಂದಲೇ ಹಾಯಬೇಕು, ಬಾಗಿಲ ಪಕ್ಕದಲ್ಲಿ ಅಣ್ಣನ ಮೇಜು. “ಎಲ್ಲಿಗೆ?” ಎಂದು ಅಣ್ಣ ತಲೆಯೆತ್ತದೆ ಕೇಳುತ್ತಿದ್ದ. ಕ್ಷೌರಕ್ಕೆ ಹೊರಟರೂ ಕಂಬಣ್ಣ ಉತ್ತರ ಕೊಟ್ಟೇ ದಾಟಬೇಕು. ತಲೆಗೂದಲು ನರೆಯುತ್ತ ಬಂದರೂ ಹಾಗೇ.

ಬೇರೆ ಹೋಗುವ ಯೋಚನೆ ಬಂದಿರಲಿಲ್ಲವೆಂದಲ್ಲ. ಆದರೆ ಅಣ್ಣತಮ್ಮಂದಿರು ಕೈಹಿಡಿದಿದ್ದು ಅಕ್ಕತಂಗಿಯರನ್ನು. “ಜಗಳ ಆಡಿ ನೀನು ತವರಿಗೆ ಹೋಗೋ ಹಾಗೂ ಇಲ್ಲ, ತವರು ಅಡುಗೆಮನೇಲೇ ಕೂತಿದೆ” ಎಂದು ಕಂಬಣ್ಣ ಒಮ್ಮೆ ಹೆಂಡತಿಗೆ ಹೇಳಿದ್ದ. ಅವಳು ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ.

ಹೀಗಿರುವಾಗ ಟಿಂಬರ್ ಯಾರ್ಡಿನ ಒಡತಿ ಅವನನ್ನು ಕರೆದು ಒಂದು ಮಾತು ಕೇಳಿದಳು. ಕಂಬಣ್ಣ ಮರ ಆರಿಸುವುದನ್ನು ಅವಳು ಬಹಳ ಕಾಲದಿಂದ ನೋಡುತ್ತಿದ್ದಳು. ಅವನು ಕಂಬದ ತುದಿಯನ್ನು ಕಣ್ಣಿಗೆ ಹಿಡಿದು ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದ. ಮರದ ಎಳೆ ಓರೆಯಾಗಿ ಹೊರಗೆ ಓಡಿದ್ದರೆ ಪಕ್ಕಕ್ಕಿಡುತ್ತಿದ್ದ. ಬಿಳಿಚಿದ ಹೊರಮರ ಬೇಡ, ಒಳಗಿನ ಗಟ್ಟಿ ಚೇಗೇ ಬೇಕು. ಹಸಿ ಇದ್ದರೆ ಕೈಗೆ ಎತ್ತಿದಾಗಲೇ ತೂಕದಲ್ಲಿ ತಿಳಿಯುತ್ತಿತ್ತು. “ಬರೋ ಮರಾನೆಲ್ಲ ಆರಿಸಿ ವಿಂಗಡಿಸೋಕೆ ಒಬ್ಬರು ಬೇಕು. ನೀವೇ ಬನ್ನಿ” ಎಂದಳು. “ಎರಡು ದಿನ ಕೊಡಿ” ಎಂದ ಕಂಬಣ್ಣ.

ಆಗ ದಂತವೈದ್ಯೆಯೊಬ್ಬಳ ಮನೆಯ ಹಿಂದೆ ಕೆಲಸ ನಡೆದಿತ್ತು. ಇಳಿಜಾರಿನ ಮೇಲೆ ಚಾಚಿಕೊಂಡ ಡೆಕ್ಕು. ಅಂಚಿನಿಂದ ಕೆಳಕ್ಕೆ ಆಳುದ್ದಕ್ಕಿಂತ ಹೆಚ್ಚು. ಅಣ್ಣ ಶೆಡ್ಡಿನಲ್ಲಿ ಉಳಿದಿದ್ದ ಹಳೇ ಕಂಬಗಳನ್ನೇ ತಂದಿದ್ದ. ಬುಡದಲ್ಲಿ ಅರ್ಧ ದಪ್ಪಕ್ಕೆ ಕಚ್ಚು ಕೊಯ್ದು, ಡೆಕ್ಕಿನ ಅಂಚಿನ ತೊಲೆಯ ಮೇಲೆ ಕೂರಿಸುವುದು ಅವನ ಪದ್ಧತಿ. ನೋಡಲು ನೀಟು.

“ಅಣ್ಣ, ಇದರಲ್ಲಿ ಗಂಟಿದೆ. ಕಚ್ಚು ಹಾಕಿದ್ರೆ ಅಲ್ಲೇ ಸೀಳುತ್ತೆ.”

“ನಿಂಗೆ ಎಲ್ಲದ್ರಲ್ಲೂ ಗಂಟೇ ಕಾಣುತ್ತೆ. ಕೊಯ್ಯಿ.”

ಕಂಬಣ್ಣ ಕೊಯ್ಯಲಿಲ್ಲ. ಅಣ್ಣನೇ ಗರಗಸ ಕಸಿದುಕೊಂಡು ಕೊಯ್ದ. ಮೂಲೆಯ ಕಂಬವನ್ನು ಕ್ಲ್ಯಾಂಪು ಬಿಗಿದು ನಿಲ್ಲಿಸಿದರು. ಬೋಲ್ಟು ಹಾಕುವುದು ಬಾಕಿ. ಯಾರ್ಡಿನ ವಿಷಯ ಇಂದು ಹೇಳಿಬಿಡಬೇಕೆಂದು ಕಂಬಣ್ಣ ಬೆಳಿಗ್ಗೆಯಿಂದ ಸಮಯ ಕಾಯುತ್ತಿದ್ದ.

“ಅಣ್ಣ, ನಿನ್ ಹತ್ರ ಒಂದು ಮಾತು...”

“ಮಾತು ಆಮೇಲೆ. ನೆಟ್ಟಗಿದೆಯಾ ನೋಡು ಮೊದಲು” ಎನ್ನುತ್ತ ಅಣ್ಣ ಹಿಂದೆ ಸರಿದು ಅಭ್ಯಾಸಬಲದಿಂದ ಕಂಬಕ್ಕೆ ಬೆನ್ನು ಕೊಟ್ಟು ಒರಗಿದ. ಕಂಬ ಗಂಟಿನ ಹತ್ತಿರ ಚಟ್ಟನೆ ಸೀಳಿತು. ಕಂಬಣ್ಣ ಕೈ ಚಾಚಿದ; ಸಿಕ್ಕಿದ್ದು ಅಂಗಿಯ ತೋಳು, ಅದೂ ಹರಿದು ಕೈಯಲ್ಲುಳಿಯಿತು.

ಕೆಳಗೆ ಬಿದ್ದ ಅಣ್ಣನ ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಿಗೆ ಅವನ ಕೈ ಹಿಡಿದು, “ಇನ್ನು ನೀನೇ ಎಲ್ಲ ನೋಡ್ಕೋಬೇಕಪ್ಪ” ಎಂದಾಗ ಕಂಬಣ್ಣ ತಲೆ ಆಡಿಸಿದ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಂತಾಯಿತು ಅವನಿಗೆ.

ಯಾರ್ಡಿಗೆ ಹೋಗಿ, ಕೆಲಸಕ್ಕೆ ಸೇರಲಾಗುವುದಿಲ್ಲ ಎಂದ. ಒಡತಿ ಬೇಸರದಿಂದ ನೋಡಿದಳು. “ಹೋದ ವರ್ಷಾನೂ ನಿಮ್ಮಣ್ಣನ ಹತ್ರ ಕೇಳಿದ್ದೆ. ನಿಮಗೆ ಮನಸ್ಸಿಲ್ಲ ಅಂದಿದ್ರು. ಅದಕ್ಕೇ ಈ ಸಲ ನೇರ ನಿಮ್ಮನ್ನೇ ಕೇಳಿದ್ದು.”

ಕಂಬಣ್ಣ ಅಲ್ಲಿ ನಿಲ್ಲಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ನಡೆದ. ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದ ಅಣ್ಣನ ಮುಂದೆ ನಿಂತು ಜನ್ಮದಲ್ಲಿ ಮೊದಲ ಸಲ ದನಿ ಎತ್ತಿದ. “ನನ್ನ ಮನಸ್ಸು ನಿಂಗೆ ಹೇಗೆ ಗೊತ್ತು? ಯಾವತ್ತಾದ್ರೂ ಕೇಳಿದ್ಯಾ?”

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅಣ್ಣ ಗೋಡೆ ಕಡೆ ಮುಖ ಮಾಡಿದ. ಆಮೇಲೆ, “ಕೇಳಿದ್ರೆ ನೀನು ಹೋಗ್ಬಿಡ್ತಿದ್ದೆ” ಎಂದ. “ಒಂದು ಕಂಬ ನಿಲ್ಲಿಸೋಕೆ ನಂಗೆ ಬರಲ್ಲ ಕಣೋ. ಯಾವತ್ತೂ ಬರ್ತಿರಲಿಲ್ಲ. ಬೈತಾ ಇದ್ರೆ ಯಾರಿಗೂ ತಿಳಿಯಲ್ಲ ಅಂದ್ಕೊಂಡಿದ್ದೆ.”

ಬೈಯುವುದಕ್ಕೆ ಕಂಬಣ್ಣ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅಣ್ಣನ ತಲೆದಿಂಬು ಜಾರಿತ್ತು. ಅದನ್ನು ಸರಿಮಾಡಿ ಹೊರಗೆ ಬಂದ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. “ನೀನೂ ನಿಮ್ಮಕ್ಕನೂ ಬೇರೆ ಆಗ್ತೀರಲ್ಲ, ಅದಕ್ಕೇ ನಾನು...” ಎನ್ನುತ್ತಿದ್ದಂತೆ ಅವಳು ತಡೆದಳು.

“ನನ್ನ ನೆಪ ಹೇಳ್ಬೇಡಿ. ನಮ್ಮಕ್ಕನ್ನ ನಾನು ನೋಡ್ಕೋತೀನಿ. ಹೋಗೋ ಹಾಗಿದ್ರೆ ಹೋಗಿ.”

ಇಷ್ಟು ವರ್ಷ ಯಾರು ತಡೆದಿದ್ದರೆಂದು ಲೆಕ್ಕ ಹಾಕುತ್ತ ಬಂದವನಿಗೆ ಈಗ ತಡೆಯುವವರೇ ಇಲ್ಲವಾದರು. ಆದರೂ ಕಾಲು ಏಳಲಿಲ್ಲ. ಮಲಗಿದವನನ್ನು ದಾಟಿ ಹೋಗುವುದು ಅವನ ಕೈಯಲ್ಲಾಗುವ ಕೆಲಸವಾಗಿರಲಿಲ್ಲ. ಅದು ಒಳ್ಳೆಯತನವೋ ಪುಕ್ಕಲುತನವೋ ಅವನಿಗೇ ಬಗೆಹರಿಯಲಿಲ್ಲ. ಯಾರ್ಡಿಗೆ ಬೇರೊಬ್ಬ ಸೇರಿಕೊಂಡ.

ದಂತವೈದ್ಯೆಯ ಮನೆಗೆ ಅಣ್ಣ ತಂದಿದ್ದ ಕಂಬಗಳನ್ನೆಲ್ಲ ಕಂಬಣ್ಣ ವಾಪಸು ಸಾಗಿಸಿದ. ತಾನೇ ಆರಿಸಿದ ಚೇಗಿನ ಕಂಬಗಳನ್ನು ತಂದು, ಯಾವುದಕ್ಕೂ ಕಚ್ಚು ಹಾಕದೆ, ಇಡೀ ದಪ್ಪಕ್ಕೆ ತೊಲೆಗೆ ಒತ್ತಿ ನಿಲ್ಲಿಸಿದ. ತೊಲೆಯ ಹಿಂದೆ ಆನಿಕೆಗೆ ಮರದ ತುಂಡು ಕೊಟ್ಟ. ಮೇಲೊಂದು ಕೆಳಗೊಂದು ಬೋಲ್ಟು ಈ ಬದಿಯಿಂದ ಆ ಬದಿಗೆ ತೂರಿಸಿ, ಅಗಲದ ವಾಷರ್ ಇಟ್ಟು ಬಿಗಿದ. ನೀರು ಇಳಿಯದಂತೆ ಕೊಯ್ದ ತುದಿಗಳಿಗೆ ಎಣ್ಣೆ ಕುಡಿಸಿದ. ಪ್ರತಿ ಕಂಬಕ್ಕೂ ಮೈಭಾರ ಹಾಕಿ ನೂಕಿದ, ಕದಲಲಿಲ್ಲ.

ದಂತವೈದ್ಯೆ ಬಂದು ಒಂದೊಂದನ್ನೂ ಹಿಡಿದು ಅಲುಗಾಡಿಸಿದಳು. “ಒಂದೂ ಕೀಳೋ ಹಾಗಿಲ್ಲ ಬಿಡಿ, ಹಲ್ಲೆಲ್ಲ ಹೀಗಿದ್ರೆ ನನ್ನ ಹೊಟ್ಟೆಪಾಡಿಗೆ ಕಲ್ಲು” ಎಂದು ನಕ್ಕು ಚಹಾ ತರಲು ಒಳಗೆ ಹೋದಳು.

ಕಂಬಣ್ಣ ಡೆಕ್ಕಿನ ಅಂಚಿನಲ್ಲಿ ಕೂತ. ರೇಲಿಂಗಿನ ಸಂದಿಯಿಂದ ಕೆಳಗೆ ಇಳಿಜಾರು, ಅದರಾಚೆ ರಸ್ತೆ ಕಾಣುತ್ತಿತ್ತು. ಆಸ್ಪತ್ರೆಗೆ ಊಟ ಒಯ್ಯುವ ಹೊತ್ತಾಗಿತ್ತು. ಚಹಾ ಬಂತು, ಬಿಸಿಯಾಗಿಯೇ ಕುಡಿದು, ಉಳಿದ ಬೋಲ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದ.