ಕೊನೇ ಡಬ್ಬಿ ಬಾರದ ಗಣಿ ಪಿಚ್ಚರು

ಕೂಲಿಯವನನ್ನು ನೇಣಿಗೆ ಹಾಕಲಿಲ್ಲ ಕಣ್ರೀ! ಕೊರಳಿಗೆ ಹಗ್ಗ ಬಿದ್ದಿದ್ದರೂ ಬಿಡಿಸಿದರು, ಬದುಕಿಕೊಂಡ. ಇವತ್ತು ಮಧ್ಯಾಹ್ನ ಮೊಮ್ಮಗಳು ಸಿಂಧು ಫೋನಿನಲ್ಲಿ ತೋರಿಸಿದಳು, ನಾನೇ ಕಣ್ಣಾರೆ ನೋಡಿದೆ. ನಾನು ಚಿಕ್ಕ ಹುಡುಗಿಯಾಗಿದ್ದಾಗ ಅರ್ಧಕ್ಕೆ ನಿಂತ ಪಿಚ್ಚರು ಇವತ್ತು ಮುಗಿಯಿತು. ಖುಷಿ ತಡೆಯಲಾರದೆ ಎದುರುಮನೆಯ ಜಯಮ್ಮನಿಗೂ ಹೋಗಿ ಹೇಳಿದೆ. "ಯಾವ ಕೂಲಿಯವ್ನೇ? ಯಾರ ಪೈಕಿ?" ಅಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಮೊದಲಿಂದ ಹೇಳುತ್ತೇನೆ.

ಆಗೆಲ್ಲ ಹುಳಿಯಾರಿನಲ್ಲಿ ಪಿಚ್ಚರಿನ ಟೆಂಟು ಇತ್ತು. ಸುತ್ತ ತೆಂಗಿನ ಗರಿಯ ತಡಿಕೆ, ನೆಲಕ್ಕೆ ಮರಳು. ಒಳಗೆ ಕಾಲಿಟ್ಟರೆ ಬೀಡಿ ಹೊಗೆ, ಹುರಿದ ಕಡ್ಲೆಕಾಯಿಯ ವಾಸನೆ. ನಾವು ಮಕ್ಕಳು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದಿನವರು ಬೈಯುತ್ತಾ ಕಾಲಿನಲ್ಲಿ ಕೆದಕಿ ಬೀಳಿಸುತ್ತಿದ್ದರು.

ನಮ್ಮಪ್ಪ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಲ್ಲಿ ಗಣಿ ಕೂಲಿ. ಸಂಜೆ ಮನೆಗೆ ಬಂದರೆ ಮೈಯೆಲ್ಲ ಕರಿ ದೂಳು, ಕಣ್ಣು ಹಲ್ಲು ಮಾತ್ರ ಬೆಳ್ಳಗೆ. ಅವ್ವ ಹಂಡೆಯಲ್ಲಿ ನೀರು ಕಾಯಿಸಿಟ್ಟಿರುತ್ತಿದ್ದಳು. ಟೆಂಟಿಗೆ ಬಿಳಿಯರ ಊರಿನ ಗಣಿ ಪಿಚ್ಚರು ಬಂದಿದೆ, ಅದರಲ್ಲಿ ಕೊಲೆಯೂ ಇದೆ ಅಂತ ಸುದ್ದಿಯಾದಾಗ ಅಪ್ಪನೂ, ಅವನ ಜೊತೆ ಗಣಿಗೆ ಹೋಗುತ್ತಿದ್ದ ಕರಿಯಣ್ಣಮಾವನೂ ನನ್ನನ್ನು ಕರೆದುಕೊಂಡು ಮೊದಲ ಆಟಕ್ಕೆ ಹೋದರು.

ಮಾತು ಒಂದೂ ತಿಳಿಯಲಿಲ್ಲ, ಕತೆ ತಿಳಿಯಿತು. ಗಡ್ಡದ ಮುದುಕ ಗಣಿಯ ಯಜಮಾನ. ಅವನನ್ನು ಸುರಂಗದೊಳಗೆ ಯಾರೋ ಕೊಂದಿರುತ್ತಾರೆ. ಹೆಣವನ್ನು ಮೊದಲು ನೋಡಿ ಎತ್ತಿದವನು ಒಬ್ಬ ಕೂಲಿ, ಕೈಗೆ ರಕ್ತ ಮೆತ್ತಿಕೊಂಡಿತ್ತು, ಅವನನ್ನೇ ಹಿಡಿದರು. ಅವನ ಮುಖಕ್ಕೂ ಮಸಿ. ಕಣ್ಣು ಹಲ್ಲು ಮಾತ್ರ ಬೆಳ್ಳಗೆ. ನಾನು ಅಪ್ಪನ ತೋಳು ಹಿಡಿದುಕೊಂಡೆ.

ಮುದುಕನನ್ನು ಮಣ್ಣು ಮಾಡುವಾಗ ಕೂಲಿಯವನು ಕಟ್ಟಿದ ಕೈಯಲ್ಲೇ ಒಂದು ಹಿಡಿ ಮಣ್ಣು ಬಾಚಿ ಗುಂಡಿಗೆ ಹಾಕಿದ. ಮುದುಕನ ಅಳಿಯ ಅಳುತ್ತಾ ಮೂರು ಹಿಡಿ ಹಾಕಿದ. ಕರಿ ಕೋಟಿನವನೊಬ್ಬ ಮಾತ್ರ ಜೇಬಿನಿಂದ ಕೈಯನ್ನೇ ತೆಗೆಯಲಿಲ್ಲ.

"ಇವ್ನೇ ಕಣ್ಲಾ ಕೊಂದೋನು!" ಅಂದ ಅಪ್ಪ. "ಮಣ್ಣಾಕ್ಲಿಲ್ಲ ನೋಡು. ಕೊಂದ ಕೈಯಲ್ಲಿ ಮಣ್ಣಾಕೋಕಾಯ್ತದಾ?"

"ಬಿಳೀ ಜನ ನಿನ್ ಅಟ್ಟಿ ಪದ್ಧತಿ ಮಾಡ್ತಾರೇನ್ಲಾ?" ಅಂತ ಕರಿಯಣ್ಣಮಾವ ನಕ್ಕ.

"ಮಣ್ಣಾಕೋಕೆ ಇಂಗ್ಲೀಷ್ ಬರ್ಬೇಕೇನ್ಲಾ?"

ಟೆಂಟಿನಲ್ಲಿ ಅರ್ಧ ಜನ ಅಪ್ಪನ ಕಡೆಯಾದರು. "ಓ ಕರೀ ಕೋಟು, ಮಣ್ಣಾಕ್ಲಾ!" ಅಂತ ಪರದೆಗೆ ಕೂಗಿದರು. ಅಷ್ಟರಲ್ಲಿ ಕೂಲಿಯವನ ಕೊರಳಿಗೆ ಹಗ್ಗ ಹಾಕಿದರು. ಪರದೆ ಬೆಳ್ಳಗಾಯಿತು.

ಒಂದೇ ಪಿಚ್ಚರನ್ನು ಎರಡು ಊರಿನ ಟೆಂಟಿನವರು ತೋರಿಸುತ್ತಿದ್ದ ಕಾಲ ಅದು. ಅಲ್ಲಿ ಮುಗಿದ ರೀಲಿನ ಡಬ್ಬಿಯನ್ನು ಬಸ್ಸಿಗೆ ಹಾಕಿ ಇಲ್ಲಿಗೆ ಕಳಿಸುತ್ತಿದ್ದರು. ಆವತ್ತು ಮಳೆ ಹೊಯ್ದು ಹಳ್ಳ ಬಂದು ಬಸ್ಸು ಆಚೆಯೇ ನಿಂತಿತ್ತು. ಕಾದೆವು, ಕೊನೇ ಡಬ್ಬಿ ಬರಲೇ ಇಲ್ಲ. ಮಾರನೆಯ ದಿನ ಟೆಂಟಿಗೆ ಬೇರೆ ಪಿಚ್ಚರು ಹಾಕಿಬಿಟ್ಟರು.

ಬೆಳಿಗ್ಗೆ ಅಪ್ಪ ಗಣಿಗೆ ಹೊರಟಾಗ ಅವನ ಟವೆಲ್ ಹಿಡಿದು ಎಳೆದೆ. "ಹೋಗ್ಬ್ಯಾಡಪ್ಪ, ನಿನ್ನೂ ಹಿಡ್ಕೋತಾರೆ."

ಅಪ್ಪ ನಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಹೇಳಿದ: "ಅವ್ನು ಮಣ್ಣಾಕವ್ನೆ ಕಣವ್ವ. ಅವನ್ಗೇನೂ ಆಗಿರಲ್ಲ, ನಂಗೂ ಏನೂ ಆಗಲ್ಲ. ಬುಡು."

ಬಿಟ್ಟೆ. ಆದರೆ ಅಪ್ಪ ಬರುವುದು ಸ್ವಲ್ಪ ತಡವಾದರೂ ಆ ಹಗ್ಗ ಕಣ್ಣಿಗೆ ಬರುತ್ತಿತ್ತು. ಹಟ್ಟಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಗಣಿಯಿಂದ ಬರುವವರ ಸಾಲಿನಲ್ಲಿ ಎಲ್ಲರ ಮುಖವೂ ಒಂದೇ ಥರ ಕರ್ರಗೆ. ನಡಿಗೆ ನೋಡಿ ಅಪ್ಪನನ್ನು ಗುರುತಿಸುತ್ತಿದ್ದೆ. ಆ ಮಳೆಗಾಲವಿಡೀ ಹೀಗೇ ಕಳೆಯಿತು.

ಹೋದ ವಾರ ಈ ಕತೆಯನ್ನು ಸಿಂಧುವಿಗೆ ಹೇಳಿದ್ದೆ. ಅವಳು ಅದೇನೇನೋ ಒತ್ತಿ ಹುಡುಕುತ್ತಲೇ ಇದ್ದಳು. ಇವತ್ತು "ಅಜ್ಜಿ, ಇದಾ ನೋಡು" ಅಂದಳು. ಕಟ್ಟಿದ ಕೈಯಲ್ಲಿ ಮಣ್ಣು ಬಾಚಿದ್ದು ಕಂಡಿತು. "ಇದೇ ಕಣೇ!" ಅಂತ ಕಿರುಚಿದೆ. ಅವಳು ಇಂಗ್ಲೀಷ್ ಕೇಳಿಸಿಕೊಂಡು ಹೇಳುತ್ತಾ ಹೋದಳು. ಕೊಂದವನು ಮೂರು ಹಿಡಿ ಮಣ್ಣು ಹಾಕಿದ ಅಳಿಯ! ಕರಿ ಕೋಟಿನವನು ಗುಟ್ಟಾಗಿ ಬಂದಿದ್ದ ಪೊಲೀಸಿನವನು. ಅವನೇ ಓಡಿಬಂದು ಹಗ್ಗ ಕೊಯ್ದ.

ಅಪ್ಪನ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಹೇಳೋಣವೆಂದರೆ ಅಪ್ಪ ಇಲ್ಲ, ಕರಿಯಣ್ಣಮಾವನೂ ಇಲ್ಲ. ಟೆಂಟಿದ್ದ ಜಾಗದಲ್ಲಿ ಟೈರಿನ ಅಂಗಡಿಯಿದೆ. ಆವತ್ತು ಟೆಂಟಿನಿಂದ ಮನೆಗೆ ದಾರಿಯುದ್ದಕ್ಕೂ ಮಳೆಯಲ್ಲಿ ನೆನೆಯುತ್ತಾ, ಕೊಂದವನು ಯಾರೆಂದು ಜಗಳವಾಡುತ್ತಾ ನಡೆದಿದ್ದೆವು. ಈಗ ಫೋನಿನಲ್ಲಿ ಒಬ್ಬೊಬ್ಬರ ಪಿಚ್ಚರು ಒಬ್ಬೊಬ್ಬರ ಕಿವಿಯೊಳಗೇ ಮುಗಿದುಹೋಗುತ್ತದೆ.

ಸಂಜೆ ಹಬ್ಬದ ಅಡುಗೆಯೇ ಆಗಲಿ ಅಂದೆ. ಮಗ ಒತ್ತು ಶಾವಿಗೆ ಒತ್ತಿದ, ಸೊಸೆ ಬೆಲ್ಲ ಏಲಕ್ಕಿ ಹಾಕಿ ಕಾಯಿಹಾಲು ಮಾಡಿದಳು. ಎಲ್ಲರೂ ಸುತ್ತ ಕೂತೆವು.

"ನಾನಾಗಿದ್ರೆ ಅಳಿಯನ್ನೇ ಮೊದ್ಲು ಹಿಡೀತಿದ್ದೆ," ಅಂದಳು ಸೊಸೆ.

"ನಾನೂ ಒಬ್ರ ಮನೆ ಅಳಿಯ ಕಣೇ," ಅಂದ ಮಗ.

"ಅದ್ಕೇ ಹೇಳಿದ್ದು!"

ಸಿಂಧುವಿಗೆ ನಗು ಬಂದು ನೆತ್ತಿಗೇರಿತು. ಅವಳ ಬೆನ್ನು ತಟ್ಟಿ, ಎಲ್ಲರಿಗೂ ಇನ್ನೊಂದು ಸುತ್ತು ಕಾಯಿಹಾಲು ಬಿಟ್ಟು, ನಾನೂ ಉಣ್ಣಲು ಕೂತೆ.