ಸುಗಂಧಿ ಗಡಿ ಏರಿದ್ದು

ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ಡಾಕ್ಟರ್ ಸುಗಂಧಿಗೆ ಯುರೋಪಿನ ರಾಜಮನೆತನಗಳ ಹುಚ್ಚು. ಅದರಲ್ಲೂ ಲಕ್ಸೆಂಬರ್ಗಿನದು. ನಕ್ಷೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಪುಟ್ಟ ದೇಶ. ಅದರ ದೊರೆಗಳ ವಂಶಾವಳಿ ಅವಳಿಗೆ ಬಾಯಿಪಾಠ.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಡೆದ ಕನ್ನಡಿಗರ ಕೂಟದಲ್ಲಿ ಒಂದು ಭಾನುವಾರ ಅವಳು ಆ ಮನೆತನದ ಕಥೆ ಹೇಳಿದಳು. ಹಿಂದೆ ಅಲ್ಲಿ ಪಟ್ಟ ಗಂಡಿಗೇ ಹೋಗಬೇಕಿತ್ತು. ಹಾಗಾಗಿ ಹಾಲೆಂಡಿನ ರಾಜಕುಮಾರಿಗೆ ಅಪ್ಪನ ಹಾಲೆಂಡ್ ಸಿಕ್ಕಿತೇ ಹೊರತು, ಅಪ್ಪನೇ ಆಳುತ್ತಿದ್ದ ಲಕ್ಸೆಂಬರ್ಗ್ ಸಿಗಲಿಲ್ಲ. ಅದು ದೂರದ ದಾಯಾದಿಯ ಪಾಲಾಯಿತು. ಆ ದಾಯಾದಿಯ ಮಗನಿಗೋ ಆರೂ ಹೆಣ್ಣುಮಕ್ಕಳು. ಕೊನೆಗೆ ಅವನು ಕಾನೂನನ್ನೇ ತಿದ್ದಿಸಿ ಹಿರಿಮಗಳಿಗೆ ಪಟ್ಟ ಸಿಗುವಂತೆ ಮಾಡಿದ.

“ನಮ್ಮಲ್ಲಾದರೆ ತಿದ್ದೋದೇ ಬೇಕಿಲ್ಲ,” ಎಂದು ಸುಗಂಧಿ ನಕ್ಕಳು. ಉಡುಪಿ ಕಡೆಯ ಅವಳ ಬಂಟ ಮನೆತನದಲ್ಲಿ ವಂಶ ನಡೆಯುವುದೇ ತಾಯಿಯ ಕಡೆಯಿಂದ.

ಜನ ಚಪ್ಪಾಳೆ ತಟ್ಟಿದರು. ಅವಳ ಚಿಕ್ಕಮ್ಮನ ಮಗ ಕೀರ್ತಿರಾಜ್ ಮಾತ್ರ ಮುಖ ತಗ್ಗಿಸಿ ಕೂತಿದ್ದ. ಅವನೂ ಅವಳ ಹಾಗೆ ಹತ್ತಿರದ ಪುಚೊಂಗ್‌ನಲ್ಲೇ ಮನೆ ಮಾಡಿದವನು. ಕೂಟ ಮುಗಿದ ಮೇಲೆ ಇಬ್ಬರೂ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೊಟ್ಟಿ ತಿನ್ನಲು ಕೂತಾಗ ಅವನು ಬಾಯಿಬಿಟ್ಟ.

“ಅಕ್ಕ, ದಾಮೋದರ ಮಾವನ ಗಡಿಗೆ ನನ್ನನ್ನ ಕೂರಿಸ್ತಾರಂತೆ. ನಾನು ಹೂಂ ಅಂದುಬಿಟ್ಟೆ.”

ಗಡಿ ಎಂದರೆ ಮನೆತನದ ಯಜಮಾನಿಕೆ. ಗಡಿ ಏರಿದವರು ವರ್ಷಕ್ಕೊಮ್ಮೆ ದೈವದ ಕೋಲ ನಡೆಯುವ ನೇಮದಲ್ಲಿ ಮುಂದೆ ನಿಲ್ಲಬೇಕು, ಕುಟುಂಬದ ಜಗಳ ತೀರಿಸಬೇಕು. ಇಬ್ಬರ ತಾಯಂದಿರ ಅಣ್ಣ ದಾಮೋದರ ಮಾವ ತೀರಿಕೊಂಡ ಮೇಲೆ ಅದು ಖಾಲಿ ಇತ್ತು.

“ನಮ್ಮಿಬ್ಬರಲ್ಲಿ ಹಿರಿಯರು ಯಾರು?” ಸುಗಂಧಿ ಕೇಳಿದಳು.

“ನೀನೇ. ಆದರೆ ಗಂಡಸೇ ಬೇಕು ಅಂತಾರೆ.”

“ಅವರು ಅನ್ನಲಿ. ನನ್ನನ್ನ ಒಂದು ಮಾತು ಕೇಳಬೇಕು ಅಂತ ನಿನಗೂ ಅನ್ನಿಸಲಿಲ್ವಲ್ಲ.”

ಇಬ್ಬರೂ ಒಂದೇ ರೈಲಿನಲ್ಲಿ, ಬೇರೆ ಬೇರೆ ಡಬ್ಬಿಯಲ್ಲಿ ಮನೆಗೆ ಹೋದರು.

ಮರುದಿನ ಸುಗಂಧಿ ಊರಿಗೆ, ವಾರಿಜಾಕ್ಷಿ ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಕೀರ್ತಿರಾಜನ ಸ್ವಂತ ತಾಯಿ. ಮಗನನ್ನು ಬಿಟ್ಟುಕೊಡುತ್ತಾಳೆಯೇ ಎಂಬ ಅಳುಕು ಇದ್ದೇ ಇತ್ತು.

ಗಡಿ ತನಗೇ ಬರಬೇಕೆಂದು ಸುಗಂಧಿ ಹೇಳಿದಾಗ ಚಿಕ್ಕಮ್ಮ ಅಂದಳು, “ನಿಜ ಹೇಳಬೇಕಂದ್ರೆ, ನಿನ್ನ ಅಮ್ಮ ಹೋದ ಮೇಲೆ ಮೊದಲ ಹಕ್ಕು ನನ್ನದು. ಮೊಣಕಾಲು ನೋವಿಗೆ ನಿಲ್ಲೋಕಾಗೋದಿಲ್ಲ, ಅದಕ್ಕೆ ಬೇಡ ಅಂದೆ. ಮಗ ಕೂತರೆ ಚಂದ ಅಂತ ಆಸೆಯಾಯ್ತು, ಬಾಯಿ ಮುಚ್ಚಿಕೊಂಡೆ. ನನ್ನ ಅಜ್ಜಿಯೇ ಈ ಮನೆಯ ಯಜಮಾನ್ತಿ ಆಗಿದ್ದವರು. ನೀನೇ ಬಾ. ಆದರೆ ನೇಮ ತಪ್ಪಿಸಬಾರದು.”

“ತಪ್ಪಿಸೋದಿಲ್ಲ ಚಿಕ್ಕಮ್ಮ.”

ಚಿಕ್ಕಮ್ಮ ಹಟ ಹಿಡಿದು ಕುಟುಂಬದವರನ್ನು ಒಪ್ಪಿಸಿದ ಮೇಲೆ, ಕಾಲೇಜಿನ ರಜೆಯಲ್ಲಿ ಸುಗಂಧಿ ಊರಿಗೆ ಹೋದಳು. ಹೆಣ್ಣು ಗಡಿ ಏರುವುದನ್ನು ನೋಡಲಾರೆವೆಂದು ಕೆಲವರು ಊಟವನ್ನೂ ಮಾಡದೆ ಎದ್ದುಹೋದರು. ಗಡಿಯ ಚಿನ್ನದ ಕಡಗ ತೊಡಿಸಬೇಕಾದ ಹಿರಿಯರು ಆಚೀಚೆ ನೋಡುತ್ತ ನಿಂತರು. ಅಷ್ಟು ದಿನ ಮುನಿಸಿಕೊಂಡಿದ್ದರೂ ಊರಿಗೆ ಬಂದಿದ್ದ ಕೀರ್ತಿರಾಜ್ ಎದ್ದು ಬಂದು, ಹರಿವಾಣದಿಂದ ಕಡಗ ತೆಗೆದು ತಾನೇ ಅಕ್ಕನ ಕೈಗೆ ತೊಡಿಸಿದ. ಗಂಡಸರ ಅಳತೆಯ ಕಡಗ. ಅವಳ ಕೈಗೆ ದೊಡ್ಡದಾಯಿತು. ಜಾರದಂತೆ ಅವನೇ ನೂಲು ಸುತ್ತಿದ.

ಅಂದು ಎದ್ದುಹೋದವರಲ್ಲೊಬ್ಬ ಕೆಲವು ತಿಂಗಳ ನಂತರ ಬಾವಿಯ ನೀರಿನ ತಕರಾರು ಹಿಡಿದು ಅವಳಿಗೇ ವಿಡಿಯೋ ಕಾಲ್ ಮಾಡಿದ. ಸುಗಂಧಿ ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಹೇಳಿದಳು. ಒಬ್ಬ ಒಪ್ಪಿದ, ಇನ್ನೊಬ್ಬ ಗೊಣಗುತ್ತ ಫೋನ್ ಇಟ್ಟ.

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮಗಳು ತನ್ವಿ ಕೇಳಿದಳು, “ಸೋ ಅಮ್ಮಾ, ನೆಕ್ಸ್ಟ್ ನಾನಾ?”

“ಮೊದಲು ಕೀರ್ತಿ ಮಾಮ. ಆಮೇಲೆ ನೀನು.”

“ನೋ ಅನ್ನಬಹುದಾ ಲಾ?” ಮಲೇಷ್ಯಾದವರ ‘ಲಾ’ ಸೇರಿಸಿ ಕೇಳಿದಳು ತನ್ವಿ.

“ಅನ್ನಬಹುದು,” ಎಂದಳು ಸುಗಂಧಿ. “ನಿನ್ನನ್ನ ಕೇಳಿಯೇ ಕೇಳ್ತಾರೆ. ಆಗ ಹೇಳು.”